ಇಂಚರಾಳ ಮೂಗಿನ ಪರವಾಗಿ

ಪಟ್ಟಂ, ತಿರುವನಂತಪುರ
೯ ಜುಲೈ ೨೦೨೫

ಪ್ರಿಯ ಮನೋಜ್,

ವಾಟ್ಸಾಪಿನಲ್ಲಿ ಬರೆದರೆ ಅರ್ಧ ಓದಿ ಉತ್ತರ ಕೊಡುತ್ತೀಯ. ಅದಕ್ಕೇ ಕಾಗದ. ಅತ್ತೆಗೂ ಓದಿ ಹೇಳು.

ಇಂಚರಾಗೆ ಪದೇಪದೇ ನೆಗಡಿ, ಜ್ವರ. ಅವಳಿಗೆ ರೋಗನಿರೋಧಕ ಶಕ್ತಿಯೇ ಇಲ್ಲ. ವೈರಸ್ ಲ್ಯಾಬಿನಲ್ಲಿ ಕೆಲಸ ಮಾಡುವ ತಾಯಿಯೇ ಮನೆಗೆ ರೋಗ ತರುತ್ತಾಳೆ. ಆದ್ದರಿಂದ ಭಾನುವಾರ ಬಂದು ಮಗುವನ್ನು ಕೊಚ್ಚಿಯಲ್ಲಿ, ನಿಮ್ಮ ಪಾಲಾರಿವಟ್ಟಂ ಮನೆಯಲ್ಲೇ ಇಟ್ಟುಕೊಳ್ಳಲು ಕರೆದೊಯ್ಯುತ್ತೀರಿ. ಇದು ತಾನೇ ನಿಮ್ಮಿಬ್ಬರ ತೀರ್ಮಾನ? ನಾನು ಕಳಿಸುವುದಿಲ್ಲ.

ಲ್ಯಾಬಿನಿಂದ ಮನೆಗೆ ಬರುವುದು ನನ್ನ ತಲೆನೋವು ಮಾತ್ರ. ಅಲ್ಲಿ ಏನು ಮಾಡುತ್ತೇನೆಂದು ಜೊತೆಗಿದ್ದಾಗ ನೀನು ಕೇಳಲಿಲ್ಲ, ಈಗ ಕೇಳು. ವೈರಸ್ಸು ಮೂಗಿನ ಒಳಪದರದ ಒಂದು ಜೀವಕೋಶಕ್ಕೆ ನುಗ್ಗುತ್ತದೆ. ಆ ಕೋಶ ಉಳಿಯುವುದು ಅನುಮಾನ, ಆದರೂ ಸುಮ್ಮನೆ ಸಾಯುವುದಿಲ್ಲ. ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ, ಅವು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಆ ವೈರಸ್ಸಿಗೆಂದೇ ತಯಾರಾಗುವ ಪ್ರತಿಕಾಯಗಳು ಬರುವುದು ಎಷ್ಟೋ ದಿನ ತಡವಾಗಿ. ಅಲ್ಲಿಯವರೆಗೆ ಹುಟ್ಟಿನಿಂದಲೇ ಬಂದ ಈ ಕಾವಲೇ ಗತಿ. ಸುರಿಯುವ ಮೂಗು, ಏರುವ ಜ್ವರ ಬಹುಪಾಲು ಈ ಹೋರಾಟದ್ದೇ. ಇದರಲ್ಲಿ ಮಕ್ಕಳ ಮೂಗು ನಮ್ಮದಕ್ಕಿಂತ ಚುರುಕು. ಅಂಥ ಮೂಗಿಗೆ ಶಕ್ತಿಯಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಅವಳು ಕೊಚ್ಚಿಯಿಂದ ಹೊರಡುವಾಗಲೆಲ್ಲ ಅತ್ತೆ ಮುಂಜಾಗ್ರತೆಗೆಂದು, ಜ್ವರವಿಲ್ಲದಿದ್ದರೂ ಜ್ವರದ ಸಿರಪ್ಪು ಕುಡಿಸುತ್ತಾರೆ. ಅದು ನಿಲ್ಲಲಿ. ಸ್ನಾನವಾದ ಮೇಲೆ ನೆಗಡಿಯಾಗದಿರಲೆಂದು ನೆತ್ತಿಗೆ ರಾಸ್ನಾದಿ ಪುಡಿ ತಿಕ್ಕಲಿ, ನನ್ನ ತಕರಾರಿಲ್ಲ. ಕೇರಳಕ್ಕೆ ಬಂದು ಅವರು ಕಲಿತ ಮಲಯಾಳಿ ಪದ್ಧತಿಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಡಾಕ್ಟರಿಗೂ ತೋರಿಸಿದ್ದೇನೆ. ಎದೆ ಚೆನ್ನಾಗಿದೆ, ತೂಕ ಏರುತ್ತಿದೆ ಎಂದರು. ಬೆಳಿಗ್ಗೆ ಜ್ವರ ಇದೆಯಾ ಎಂದು ಹಣೆ ಮುಟ್ಟಲು ಹೋದರೆ "ಪನಿ ಪೋಯಿ ಅಮ್ಮೇ" ಎಂದು ನನ್ನ ಕೈ ತಳ್ಳಿ ಶಾಲೆಯ ಬಸ್ಸಿಗೆ ಓಡಿದಳು. ಜ್ವರ ಹೋಯಿತಂತೆ. ನಾನು ಕೇಳಿದ್ದು ಕನ್ನಡದಲ್ಲಿ, ಅವಳ ಉತ್ತರ ಮಲಯಾಳದಲ್ಲಿ. ಅದು ನನ್ನ ಅವಳ ಬೇರೆ ಜಗಳ.

ಭಾನುವಾರ ಬನ್ನಿ, ಊಟ ಮಾಡಿ ಹೋಗಿ. ಅವಳ ಬಟ್ಟೆಗಳು ಕಪಾಟಿನಲ್ಲೇ ಇರುತ್ತವೆ. ಕೋರ್ಟಿಗೆ ಹೋಗುತ್ತೇನೆಂದರೆ ಹೋಗು, ಅಲ್ಲಿಯೂ ಇದನ್ನೇ ಹೇಳುತ್ತೇನೆ.

ಮಣಿಯದ,
ಅಪರ್ಣಾ

ತಾ.ಕ.: ಇದನ್ನು ಮಾತ್ರ ಅತ್ತೆಗೆ ಓದಬೇಡ. ಈ ಸಲದ ಜ್ವರ ಶಾಲೆಯಿಂದ ಬಂತೆಂದು ಅವರಿಗೆ ಹೇಳಿದ್ದು ಸುಳ್ಳು. ಕಳೆದ ಸಲ ನಾವು ಕೊಚ್ಚಿಗೆ ಬಂದಾಗ ಕೆಮ್ಮುತ್ತಿದ್ದವನು ನೀನು. ಮಗುವಿನ ಹತ್ತಿರ ಹೋಗಕೂಡದೆಂದು ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದರು. ಸ್ಟೇಷನ್ನಿನಲ್ಲಿ ನೀನು ಮಾಸ್ಕ್ ಕೆಳಗೆಳೆದು ಅವಳನ್ನು ಮುದ್ದಿಸಿದ್ದನ್ನು ರೈಲಿನ ಕಿಟಕಿಯಿಂದ ನೋಡಿದೆ. ತಡೆಯಬಹುದಿತ್ತು. ಜ್ವರ ಬಂದರೆ ಬರಲಿ, ಅವಳಿಗೆ ಅಪ್ಪ ಇರಲಿ ಅನ್ನಿಸಿತು.