ಹಾಲು ಉಕ್ಕಿದ ಹಲಗೆ

ಹಿಂದೂಪುರ
2-6-2025

ಶೋಭಾರಾಣಿಗೆ ವರಲಕ್ಷ್ಮಿ ಬರೆಯುವುದು,

ನೀನು, ಮನೆಯವರು, ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಲ್ಯಾಣದುರ್ಗದಿಂದ ಬಂದು ಹದಿನೈದು ದಿನ ಸುಮ್ಮನಿದ್ದೆ, ತಪ್ಪು ನನ್ನದೇ. ಫೋನು ಮಾಡಿದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ, ನೀನು ಕಟ್ ಮಾಡುತ್ತೀ. ಕಾಗದವಾದರೆ ಕೊನೆವರೆಗೆ ಓದುತ್ತೀ.

ಸಿಟ್ಟು ಇನ್ನೂ ಇಳಿದಿಲ್ಲ ಕಣೇ. ನಿನ್ನ ಅಡುಗೆಮನೆಯ ಕಪಾಟುಗಳ ಮೇಲೆ ಹಾಸಲು ಐದು ತೇಗದ ಹಲಗೆ ಜೋಡಿಸಿದವಳು ನಾನು. ನಮ್ಮವರು ತೀರಿಕೊಂಡ ಮೇಲೆ ಮೂರು ವರ್ಷದಿಂದ ಅವರ ಮರಗೆಲಸದ ಅಂಗಡಿ ನಡೆಸುತ್ತಿರುವವಳೂ ನಾನೇ. ಅಂಚಿಗೆ ಅಂಚು ಕೂತು ನಡುವೆ ಬೆಳಕು ತೂರದ ಹಾಗೆ, ಮರ ಹೆರೆಯುವ ಹತ್ತರಿಯಿಂದ ನಯ ಮಾಡಿದೆ. ಅಡಿಭಾಗದಲ್ಲಿ ಓರೆಯಾಗಿ ತೂತು ಕೊರೆದು, ಒಂದು ಹಲಗೆಯಿಂದ ಪಕ್ಕದ ಹಲಗೆಯ ಅಂಚಿಗೆ ಸ್ಕ್ರೂ ಬಿಗಿದೆ. ಮೇಲಿನಿಂದ ನೋಡಿದರೆ ಒಂದೂ ಕಾಣುವುದಿಲ್ಲ.

ಆ ಮಂಗಳವಾರ ತಂದು ಕೂರಿಸಿದಾಗ ನಾನು ಏನು ಹೇಳಿದ್ದೆ? "ಎಣ್ಣೆ ಈಗ್ತಾನೇ ಹಚ್ಚೀನಿ ಕಣೇ, ಹತ್ತು ದಿನ ನೀರು ತಾಕಿಸ್ಬೇಡ." ನೀನು, "ಗೃಹಪ್ರವೇಶ ಇಪ್ಪತ್ಮೂರಕ್ಕಲ್ವಾ, ಬೇಜಾನ್ ಟೈಮೈತೆ ಬಿಡು" ಅಂದೆ.

ಮೂರೇ ದಿನಕ್ಕೆ, ಹೋದ ತಿಂಗಳ ಒಂಬತ್ತನೇ ತಾರೀಖು ಶುಕ್ರವಾರ, ಅದೇ ಹಲಗೆಯ ಮೇಲೆ ಒಲೆ ಇಟ್ಟು ಹಾಲು ಉಕ್ಕಿಸಿದಿರಿ. ಉಕ್ಕಿದ ಹಾಲು ಒರೆಸಬಾರದೆಂದು ಸಂಜೆವರೆಗೆ ಹಾಗೇ ಬಿಟ್ಟಿರಂತೆ. ಎಣ್ಣೆ ಆರದ ಮರ ಬಿಸಿ ಹಾಲು ಕುಡಿದು ಕಪ್ಪಾಗದೆ ಇನ್ನೇನಾಗುತ್ತದೆ? ವಾರ ಕಳೆದು ನಿನ್ನ ಫೋನು: "ಜಾಯಿಂಟ್ ಬಿಟ್ಕೊಂಡೈತೆ, ಬಂದು ನೋಡೇ." ಜೊತೆಗೆ, "ಅಯ್ನೋರು ದಿಢೀರಂತ ದಿನ ಬದ್ಲಾಯ್ಸ್‌ಬುಟ್ರು, ಯಾರ್ಗೂ ಹೇಳಕ್ಕೇ ಆಗ್ಲಿಲ್ಲ" ಅಂದೆ. ನಾನು ನಂಬಿದೆ.

ಎರಡು ಬಸ್ಸು ಬದಲಿಸಿ ಓಡಿ ಬಂದೆ. ಟಾರ್ಚು ಹಿಡಿದು ಕಪಾಟಿನೊಳಗೆ ತೂರಿ, ಅಂಗಾತ ಮಲಗಿ ಸ್ಕ್ರೂಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಒಂದೂ ಸಡಿಲವಾಗಿರಲಿಲ್ಲ. ಜಾಯಿಂಟ್ ಬಿಟ್ಟಿರಲಿಲ್ಲ, ಹಾಲು ಕುಡಿದ ಅಂಚು ಕಪ್ಪಾಗಿತ್ತಷ್ಟೇ. ಅಷ್ಟರಲ್ಲಿ ನಿಮ್ಮತ್ತೆ ಬೀರಕ್ಕ ಬಾಗಿಲಲ್ಲಿ ನಿಂತು, "ಆಡದಾನಿ ಪನಿ ಇಂತೇ ಕದಾ. ಹೆಂಗಸ್ರ ಕೆಲ್ಸಾನೇ ಇಷ್ಟು, ಅವ್ರ ಕೈಗೆ ಮರ ಕೊಟ್ರೆ ಇನ್ನೇನಾಯ್ತದೆ" ಎಂದರು. ನೀನು ಪಕ್ಕದಲ್ಲೇ ಕೊತ್ತಂಬರಿ ಬಿಡಿಸುತ್ತಿದ್ದೆ. ಹಾಲು ಚೆಲ್ಲಿದ್ದು ನಾವೇ ಎಂದು ಒಂದು ಮಾತು ಹೇಳಲು ನಿನ್ನ ನಾಲಿಗೆ ಬಿದ್ದುಹೋಗಿತ್ತಾ? ಗೋರಂಟ್ಲದ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ.

ಹಲಗೆ ಹಾಳಾಗಿಲ್ಲ. ಉಪ್ಪುಕಾಗದದಿಂದ ಮರದ ಗೆರೆಯ ಉದ್ದಕ್ಕೂ ಉಜ್ಜಿಸು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಮೂರು ಸಲ ಎಣ್ಣೆ. ನಿಮ್ಮೂರಿನ ಬಡಗಿ ತಿಪ್ಪೇಸ್ವಾಮಿಗೆ ಎಲ್ಲ ಹೇಳಿದ್ದೇನೆ, ಅವನು ಬರುತ್ತಾನೆ. ನಾನು ಬರುವುದಿಲ್ಲ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಹೊಸ ಮನೆಯ ಒಲೆ ಆರದಿರಲಿ, ಬಂದವರಿಗೆಲ್ಲ ಊಟ ಸಿಗಲಿ. ಸಿಟ್ಟಿನಲ್ಲಿದ್ದರೂ ಇದನ್ನು ಮನಸಾರೆ ಬರೆದಿದ್ದೇನೆ.

ನಿನ್ನ
ವರಲಕ್ಷ್ಮಿ

ಇನ್ನೊಂದು ಮಾತು: ಅವತ್ತು ಮಲಗಿದ್ದಾಗ ಮೂಲೆಯ ಕಪಾಟಿನ ಕಾಲಿನಡಿ ಮಡಚಿ ತುರುಕಿದ್ದ ಕಾಗದವೊಂದು ಕಂಡಿತು. ನಾನು ಹಲಗೆ ಕೂರಿಸಿದಾಗಲೇ ಆ ಕಪಾಟು ಅಲುಗದೆ ನಿಂತಿತ್ತು, ಅಂದರೆ ಅದಕ್ಕೂ ಮುಂಚೆಯೇ ಯಾರೋ ಇಟ್ಟಿದ್ದಾರೆ. ಎಳೆದು ನೋಡಿದರೆ ನಿನ್ನ ಗೃಹಪ್ರವೇಶದ ಆಹ್ವಾನ ಪತ್ರಿಕೆ. ಒಂಬತ್ತನೇ ತಾರೀಖೆಂದೇ ಅಚ್ಚಾಗಿದೆ. ಅಯ್ನೋರು ಯಾವ ದಿನವನ್ನೂ ಬದಲಾಯಿಸಿರಲಿಲ್ಲ. ಊರಿಗೆಲ್ಲ ಹಂಚಿ, ನನಗೊಬ್ಬಳಿಗೆ ಇಪ್ಪತ್ತಮೂರು ಅಂದೆ. ಗಂಡ ಸತ್ತವಳು ಹಾಲು ಉಕ್ಕುವಾಗ ಎದುರಿಗಿರಬಾರದು, ಅವಳು ಮಾಡಿದ ಹಲಗೆ ಇರಬಹುದು, ಅಲ್ಲವೇನೇ? ನನ್ನನ್ನು ಕರೆದಿದ್ದರೆ ಒಲೆಯ ಕೆಳಗೊಂದು ತಗಡು ಇಡುತ್ತಿದ್ದೆ. ಪತ್ರಿಕೆಯನ್ನು ಮತ್ತೆ ಅದೇ ಕಾಲಿನಡಿ ತುರುಕಿ ಬಂದಿದ್ದೇನೆ. ತೆಗೆದರೆ ಹಲಗೆ ಸಮವಾಗಿ ನಿಲ್ಲುವುದಿಲ್ಲ.