ಸೂರಿನ ನೀರಿಗೆ ಬಿಟ್ಟ ಅಕ್ಕ

ತಂಗಿ ಡಾರ್ಕಸ್,

ಅಮ್ಮನ ಊರು ಥಾರ್ನ್‌ಬಿಗೆ ಬಂದು ಮುಟ್ಟಿದೆ. ಇಲ್ಲಿಯ ಚಹಾ ಬರೀ ನೀರು, ಜನ ಪರವಾಗಿಲ್ಲ. ಚರ್ಚಿಗೊಂದು ಅಡುಗೆಮನೆ, ಕಕ್ಕಸು ಕಟ್ಟಬೇಕೆಂದು ಗೋಡೆ ಪಕ್ಕದ ಸಮಾಧಿಗಳನ್ನು ಅಗೆಯುತ್ತಿದ್ದಾರೆ. ನಮ್ಮ ಅಕ್ಕ ಸಿಕ್ಕಳು. ಅಮ್ಮ ಹೇಳುತ್ತಿದ್ದುದು ನಿಜ. ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಕೂಸೆಂದು ಆಗಿನ ಪಾದ್ರಿ ಮಣ್ಣು ಮಾಡಲು ಒಪ್ಪದಿದ್ದಾಗ, ಚರ್ಚಿನ ಸೂರಿನ ನೀರಾದರೂ ಸ್ನಾನ ಮಾಡಿಸಲಿ ಎಂದು ಅಪ್ಪ ಕದ್ದು ಅಲ್ಲೇ ಹೂತಿದ್ದ. ಪೆಟ್ಟಿಗೆ ಮಣ್ಣಾಗಿದೆ. ಅದಕ್ಕೆ ಅಪ್ಪ ಬಡಿದಿದ್ದ ಲಾಳದ ಮೊಳೆಗಳು ಸುತ್ತ ಹಾಗೇ ಇವೆ, ಅವಳ ಗುರುತು ಸಿಕ್ಕಿದ್ದು ಅದರಿಂದಲೇ.

ಅಗೆಯುವ ಹುಡುಗಿ ಇಮೊಜೆನ್, "ಎಲ್ಲರನ್ನೂ ಬೇಲಿ ಹತ್ರ ಒಟ್ಟಿಗೆ ಹೂಳ್ತೀವಿ ತಾತ" ಎಂದಳು.

"ಬೇಲಿಗೆ ಸೂರು ಎಲ್ಲಿದೆ? ನೀರು ನಿಮ್ಮಜ್ಜಿ ಹುಯ್ತಾಳಾ?" ಎಂದು ರೇಗಿದೆ.

ಗಲಾಟೆ ಕೇಳಿ ಈಗಿನ ಪಾದ್ರಿ ಬಂದರು. "ಸೂರಿಗೆಲ್ಲ ಈಗ ಮಳೆನೀರು ಹಿಡಿಯೋ ತಗಡಿನ ದೋಣಿ ಹಾಕಿದೀವಿ ಯಜಮಾನ್ರೇ. ಒಂದು ಹನೀನೂ ಕೆಳಗೆ ಬೀಳಲ್ಲ."

"ಹಾಗಾದ್ರೆ ಒಂದು ಕಡೆ ಬಿಚ್ಚಿ. ನಿಮ್ಮ ಕಕ್ಕಸಿಗೆ ಜಾಗ ಬಿಟ್ಟುಕೊಟ್ಟೋಳು ಅವಳು!"

ಪಾದ್ರಿ ನಕ್ಕುಬಿಟ್ಟರು. ತಾವೇ ಏಣಿ ತಂದು, ಹಿಂದಿನ ಗೋಡೆಯ ಮೇಲೆ ಒಂದು ಮಾರು ದೋಣಿ ಬಿಚ್ಚಿದರು. ಇವತ್ತು ಬೆಳಿಗ್ಗೆ ಬಿಚ್ಚಿದ ಜಾಗದ ಕೆಳಗೇ ಅಕ್ಕನನ್ನು ಹೂತೆವು. ಇಮೊಜೆನ್ ಮೊಳೆಗಳನ್ನೂ ಜೊತೆಗೆ ಇಟ್ಟಳು. ಒಳ್ಳೆಯ ಹುಡುಗಿ, ಸುಮ್ಮನೆ ಬೈದೆ.

ನನ್ನ ಮಂಡಿ ಚೆನ್ನಾಗಿದೆ. ನೆಗಡಿ ಮಾತ್ರ ಹಿಡಿದಿದೆ, ಬೈಯಬೇಡ. ಮಧ್ಯಾಹ್ನ ಮಳೆ ಬಂತು. ನೀರು ಸರಿಯಾಗಿ ಅವಳ ಮೇಲೇ ಬೀಳುತ್ತಿತ್ತು. ಅದು ನಿಲ್ಲುವವರೆಗೆ ಟೋಪಿ ತೆಗೆದು ನಿಂತಿದ್ದೆ.

ನಿನ್ನ ಅಣ್ಣ,
ಜೇಬೆಜ್