ಅಮ್ಮನ ಬಾಯೊಳಗಿನ ಕತ್ತಲೆ

ಭಾನುವಾರ, ಮಧ್ಯಾಹ್ನ

ನನ್ನ ಕಂದ,

ಹೋದ ವಾರ ನೀನು ಬಂದು ಅಜ್ಜಿಯ ಹಳೇ ವಿಡಿಯೊ ತಿಳಿಯಾಗಲೆಂದು ನನ್ನ ಕಂಪ್ಯೂಟರಿನಲ್ಲಿ ಹಾಕಿಕೊಟ್ಟ ಷೇಡರುಗಳನ್ನು ಕೆಡಿಸಿಟ್ಟಿದ್ದೇನೆ. ಬೈಯುವ ಮುಂಚೆ ಪೂರ್ತಿ ಓದು. ಮೊಬೈಲಿನಲ್ಲಿ ಎರಡು ಸಾಲು ಬರೆದು ಮುಗಿಸುವ ಸುದ್ದಿಯಲ್ಲ ಇದು, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಿನ್ನ ಅಜ್ಜಿ ಇರುವ ವಿಡಿಯೊ ನಮ್ಮಲ್ಲಿರುವುದು ಅದೊಂದೇ. ನಾನು ಬೆನ್ನು ಹಾಕಿ ಹೊಲಿಗೆ ಯಂತ್ರ ತುಳಿಯುತ್ತಿದ್ದೇನೆ. ಅಮ್ಮ ಬಾಗಿಲ ಬಳಿ ನಿಂತು, ಕ್ಯಾಮೆರಾ ಹಿಡಿದ ನಿನ್ನ ಚಿಕ್ಕಮ್ಮನಿಗೆ ನನ್ನನ್ನೇ ತೋರಿಸಿ ಏನೋ ಹೇಳುತ್ತಾಳೆ. ಕಿವಿ ನೆಟ್ಟಗಿರುವವರಿಗೂ ಅದು ಕೇಳುವುದಿಲ್ಲ, ಯಂತ್ರದ ಸದ್ದು ಎಲ್ಲವನ್ನೂ ನುಂಗಿದೆಯಂತೆ. ಚಿಕ್ಕಮ್ಮನನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ. ಕಿವಿ ಕೇಳದ ಮಗಳು ಅತ್ತ ತಿರುಗಿದ್ದಾಗ ತಾಯಿ ಇನ್ನೇನು ಹೇಳಿಯಾಳು, ನನ್ನಿಂದಾದ ಕಷ್ಟವನ್ನೇ ತೋಡಿಕೊಂಡಿರಬೇಕು ಎಂದು ಅಮ್ಮ ಹೋದ ಮೇಲೂ ಮನಸ್ಸು ಕೊರೆಯುತ್ತಿತ್ತು. ತುಟಿ ನೋಡಿ ಮಾತು ಓದುವವಳು ನಾನು. ಆದರೆ ಆ ಮಸುಕು ಟೇಪಿನಲ್ಲಿ ಓದಲು ತುಟಿಯೇ ಇರಲಿಲ್ಲ.

ಷೇಡರ್ ಎಂದರೆ ಒಂದು ಪುಟ್ಟ ಫೈಲು, ಚಿತ್ರ ಪರದೆಗೆ ಬರುವ ಮುನ್ನ ಅದರ ಒಂದೊಂದು ಚುಕ್ಕಿಯೂ ಆ ಜರಡಿಯಲ್ಲಿ ಇಳಿದು ಬರುತ್ತದೆ ಎಂದು ನೀನು ಹೇಳಿದ್ದೆ. ಮೂರು ಫೈಲು ಇಟ್ಟು, ಒಂದೊಂದಕ್ಕೆ ಒಂದೊಂದು ಕೀ ಕೊಟ್ಟೆ: ಮರಳಿನಂಥ ಚುಕ್ಕಿ ಅಳಿಸಲು ಒಂದು, ಅಂಚು ಹರಿತ ಮಾಡಲು ಒಂದು, ಕತ್ತಲೆ ತಿಳಿಯಾಗಿಸಲು ಒಂದು. ಮೊದಲ ಸಲ ಒತ್ತಿದಾಗ ನಾನು ದಂಗಾದೆ. ಅಮ್ಮನ ಸ್ವೆಟರಿನ ಗುಂಡಿಗಳು ಎಣಿಸುವಷ್ಟು ಸ್ಪಷ್ಟ. ಆದರೆ ಮುಖ ಮೇಣ ಬಳಿದಂತೆ ನುಣುಪು, ತುಟಿ ಎಂದರೆ ಪೆನ್ಸಿಲಿನಲ್ಲಿ ಎಳೆದ ಎರಡು ಗೆರೆ. ಜನ್ಮವಿಡೀ ನಿನ್ನಪ್ಪನ ತುಟಿ ಮುಚ್ಚುವ ಪೊದೆ ಮೀಸೆಯ ಮುಂದೆ ಕೂತಂತೆ, ಇಲ್ಲೂ ಬರೀ ಊಹೆ.

ಆಮೇಲೆ ಹೊಳೆಯಿತು, ಅಮ್ಮನಿಗೆ ಆಗ ಒಂದು ಹಲ್ಲೂ ಇರಲಿಲ್ಲ. ಹಲ್ಲಿಲ್ಲದವರ ಮಾತು ಬರೀ ತುಟಿಯಲ್ಲಿ ಸಿಕ್ಕುವುದಿಲ್ಲ, ನಾಲಿಗೆಯನ್ನು ಹುಡುಕಬೇಕು. ದಿನವಿಡೀ ಎಕ್ಸ್‌ರೇ ತೆಗೆಯುವ ಮಹಾರಾಯ, ಒಳಗೆ ನೋಡಬೇಕೆಂದು ನಿನಗೇಕೆ ತೋಚಲಿಲ್ಲ? ನಿನ್ನ ಚೆಂದದ ಎರಡೂ ಷೇಡರುಗಳನ್ನು ಕಿತ್ತುಹಾಕಿ, ಕತ್ತಲೆಯ ಫೈಲು ತೆರೆದು, ಅದರಲ್ಲಿದ್ದ ಒಂದು ಅಂಕಿ ಏರಿಸಿದೆ. ಕೈತಪ್ಪಿ ಒಂದು ಅರ್ಧವಿರಾಮ ಅಳಿಸಿಹೋಗಿ ಪರದೆ ಪೂರ್ತಿ ನೀಲಿಯಾಯಿತು. ಬಿಟ್ಟ ಹೊಲಿಗೆ ಹುಡುಕಿ ಪಳಗಿದ ಕಣ್ಣಲ್ಲವೇ, ಅದನ್ನೂ ಹುಡುಕಿ ಹಾಕಿದೆ.

ಇನ್ನಷ್ಟು ಏರಿಸಿದೆ. ಅಮ್ಮನ ಮುಖ ಬೂದಿ ಬಣ್ಣಕ್ಕೆ ತಿರುಗಿತು, ಪರದೆ ತುಂಬ ಮರಳು ಕುಣಿಯಿತು. ಆ ಬಾಯೊಳಗೆ, ಕಂದ, ನಾಲಿಗೆ ಅಲುಗಿತು. ನೀನಾಗಲಿ ನಾನಾಗಲಿ ಸೇರಿಸಿದ್ದಲ್ಲ ಅದು. ಇಷ್ಟು ವರ್ಷವೂ ಆ ಟೇಪಿನಲ್ಲೇ, ಕತ್ತಲೆಯಲ್ಲೇ, ಯಾರಾದರೂ ನೋಡಲಿ ಎಂದು ಕೂತಿತ್ತು. ನಿಧಾನ ಮಾಡಿ, ಹಿಂದೆ ಮುಂದೆ ಓಡಿಸಿ, ಒಂದೊಂದೇ ಪದ ಹೆಕ್ಕಿದೆ.

"ಹಲ್ಲಿಲ್ದೆ ಮಾತಾಡಿದ್ರೆ ಅವಳಿಗೆ ಗೊತ್ತಾಗ್ತಿಲ್ಲ ಕಣೆ. ಅದಕ್ಕೇ ಕಟ್ಟಿಸ್ಕೋತೀನಿ. ಅವಳಿಗೆ ಹೇಳ್ಬೇಡ. ಮುದುಕಿಗೆ ಶೋಕಿ ಅಂದ್ಕೊಳ್ಲಿ."

ಹಾಗೆಯೇ ಅಂದುಕೊಂಡೆವಲ್ಲ. ಹಲ್ಲಿನ ಸೆಟ್ಟು ಬಂದ ದಿನ ಮನೆಮಂದಿಯೆಲ್ಲ ಸೇರಿ ಅವಳನ್ನು ಗೋಳು ಹೊಯ್ದುಕೊಂಡೆವು, ಮದುಮಗಳು ಎಂದು ನಾನೇ ಹೆಸರಿಟ್ಟೆ. ಅವಳೂ ಆ ಹಲ್ಲು ಬಿಟ್ಟು ನಕ್ಕಳು. ಒಸಡು ಹುಣ್ಣಾದಾಗಲೂ ನನ್ನೆದುರು ಕೂತರೆ ಅದನ್ನು ತೆಗೆಯುತ್ತಿರಲಿಲ್ಲ. ನನ್ನ ಅಮ್ಮ ನನ್ನ ಕಣ್ಣಿಗೋಸ್ಕರ ತನ್ನ ಬಾಯನ್ನೇ ಹೊಸದಾಗಿ ಮಾಡಿಸಿಕೊಂಡಿದ್ದಳು. ಚಿಕ್ಕಮ್ಮ ಮರೆತಿದ್ದಾಳೋ, ಕೊಟ್ಟ ಮಾತು ಉಳಿಸಿಕೊಂಡಿದ್ದಾಳೋ, ನಾನು ಇನ್ನು ಕೇಳುವುದಿಲ್ಲ.

ಆ ಅಂಕಿಯನ್ನು ಸರಿಪಡಿಸಲು ಬರಬೇಡ. ಚೆಂದದ ಅಜ್ಜಿ ಬೇಕಿದ್ದರೆ ನಿನ್ನ ಕಂಪ್ಯೂಟರಿನಲ್ಲಿ ನೋಡಿಕೋ.

ನಿನ್ನನ್ನೇ ನೆನೆಯುತ್ತಾ,
ಅಮ್ಮ

ಇನ್ನೊಂದು ಮಾತು: ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನೂ ಅಪ್ಪನಂತೆ ಮೀಸೆ ಬಿಟ್ಟು ಕನ್ನಡಿ ಮುಂದೆ ಮೆರೆಯುತ್ತಿದ್ದೆ. ಒಂದು ದಿನ ಬೋಳಿಸಿಕೊಂಡು ಬಂದೆ, ಮತ್ತೆ ಬಿಡಲೇ ಇಲ್ಲ. ಯಾಕೋ ಎಂದು ಕೇಳಿದ್ದಕ್ಕೆ ಸೆಕೆ ಎಂದೆ. ನಾನು ಆಗ ಚಳಿಗೆಂದು ನಿನಗೆ ಸ್ವೆಟರ್ ಹೆಣೆಯುತ್ತಾ ಕೂತಿದ್ದೆ, ಈಗ ನೆನಪಾಯಿತು.